ಜೆಎಂಎಫ್‌ಸಿ ಕೋರ್ಟಿನ ಕ್ರಿಮಿನಲ್ ಕೆಲಸ ಕಲಿಯಲು ಏನು ಓದಬೇಕು, ಯಾವ ಕ್ರಮದಲ್ಲಿ?

ಕಿರಿಯ ವಕೀಲೆ, ಚಿತ್ರದುರ್ಗ ಜಿಲ್ಲೆ

ಎಲ್ಲರಿಗೂ ನಮಸ್ಕಾರ. ತಾಲ್ಲೂಕಿನ ಜೆಎಂಎಫ್‌ಸಿ, ಅಂದರೆ ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ಕ್ರಿಮಿನಲ್ ಕೇಸುಗಳನ್ನು ನೋಡಿಕೊಳ್ಳುತ್ತಿದ್ದೇನೆ, ಜೊತೆಗೆ ಸಿವಿಲ್ ಜಡ್ಜ್ ಪರೀಕ್ಷೆಗೂ ಓದುತ್ತಿದ್ದೇನೆ. ಮೂರೂ ಹೊಸ ಕಾಯ್ದೆಗಳ (ಅಪರಾಧಗಳಿಗೆ ಬಿಎನ್‌ಎಸ್, ನಡಾವಳಿಗೆ ಬಿಎನ್‌ಎಸ್‌ಎಸ್, ಸಾಕ್ಷ್ಯಕ್ಕೆ ಬಿಎಸ್‌ಎ) ಬೇರ್ ಆಕ್ಟ್, ಅಂದರೆ ವ್ಯಾಖ್ಯಾನವಿಲ್ಲದ ಕಾಯ್ದೆಯ ಪಠ್ಯ ಇದೆ, ನಡಾವಳಿಯ ಹಳೆಯ ಸಂಹಿತೆ ಸಿಆರ್‌ಪಿಸಿಯನ್ನೂ ಇಟ್ಟುಕೊಂಡಿದ್ದೇನೆ. ದಪ್ಪ ವ್ಯಾಖ್ಯಾನ ಗ್ರಂಥ ತೆರೆದರೆ ಬಹುಪಾಲು ಸೆಷನ್ಸ್ ಕೇಸುಗಳದೇ ಚರ್ಚೆ. ಮ್ಯಾಜಿಸ್ಟ್ರೇಟರ ಮುಂದೆ ದಿನಾ ನಡೆಯುವ ರಿಮಾಂಡ್ (ಬಂಧಿತರನ್ನು ಕಸ್ಟಡಿಗೆ ಒಪ್ಪಿಸುವುದು), ಖಾಸಗಿ ದೂರು, ಎನ್‌ಸಿ ಅನುಮತಿ (ಅಸಂಜ್ಞೇಯ ಅಪರಾಧದ ತನಿಖೆಗೆ ಮ್ಯಾಜಿಸ್ಟ್ರೇಟರ ಒಪ್ಪಿಗೆ), ಮುದ್ದೆಮಾಲು (ಜಪ್ತಿಯಾದ ವಸ್ತು) ಬಿಡುಗಡೆ, ಚೆಕ್ ಕೇಸು ಇವನ್ನು ಕಲಿಯಲು ಯಾವುದನ್ನು ಮೊದಲು ಓದಬೇಕು? ಒಂದೇ ದಿನದ ಬೋರ್ಡಿನಲ್ಲಿ ಅರ್ಧ ಹಳೆ ಕಾನೂನು, ಅರ್ಧ ಹೊಸ ಕಾನೂನು ಇರುತ್ತದಲ್ಲ, ಅದನ್ನು ತಲೆಯಲ್ಲಿ ಬೇರೆ ಬೇರೆ ಇಟ್ಟುಕೊಳ್ಳುವುದು ಹೇಗೆ? ಪಾಟೀ ಸವಾಲಿನಲ್ಲಿ ವೈರುಧ್ಯ ಗುರುತಿಸುವ ವಿಧಾನವನ್ನೂ ಯಾರಾದರೂ ಬಿಡಿಸಿ ಹೇಳಿದರೆ ಉಪಕಾರ.

ಕಡತದ ಹುಳು

ಮೇಡಂ, ಬಿಎನ್‌ಎಸ್‌ಎಸ್ ಅನ್ನು 1ನೇ ಕಲಮಿನಿಂದ 531ರವರೆಗೆ ಸಾಲಾಗಿ ಓದಬೇಡಿ. ಕಾಯ್ದೆಯ ಕ್ರಮ ಬೇರೆ, ಕೇಸು ನಡೆಯುವ ಕ್ರಮ ಬೇರೆ. ನಿಮ್ಮ ಹಿರಿಯರ ಕಚೇರಿಯಲ್ಲಿ ವಿಲೇವಾರಿಯಾದ ಒಂದು ಸಾಮಾನ್ಯ ಹೊಡೆದಾಟದ ಕಡತವನ್ನು ಕೇಳಿ ತೆಗೆದುಕೊಳ್ಳಿ. ಎಡಗಡೆ ಕಡತ, ಬಲಗಡೆ ಬೇರ್ ಆಕ್ಟ್ ಇಟ್ಟುಕೊಂಡು ಕೂತುಕೊಳ್ಳಿ. ಒಂದೊಂದು ಕಾಗದಕ್ಕೂ ಅದರ ಕಲಂ ಹುಡುಕಿ. ಪ್ರಥಮ ವರ್ತಮಾನ ವರದಿಗೆ 173, ಸಾಕ್ಷಿ ಹೇಳಿಕೆಗೆ 180, ದೋಷಾರೋಪಣ ಪಟ್ಟಿಗೆ 193, ಕಾಗ್ನಿಜೆನ್ಸ್‌ಗೆ (ಕೋರ್ಟು ಅಪರಾಧವನ್ನು ಗಮನಕ್ಕೆ ತೆಗೆದುಕೊಳ್ಳುವುದು) 210, ಆರೋಪಿಗೆ ನಕಲು ಕೊಡುವುದಕ್ಕೆ 230, ಆರೋಪ ಹೊರಿಸುವುದಕ್ಕೆ 263, ಆರೋಪಿಯ ಹೇಳಿಕೆಗೆ 351, ತೀರ್ಪಿಗೆ 392 ಮತ್ತು 393. ಕಡತ ಹಳೆಯದಾಗಿದ್ದರೆ ಇನ್ನೂ ಒಳ್ಳೆಯದು, ಸಿಆರ್‌ಪಿಸಿ ಕಲಮಿನ ಪಕ್ಕದಲ್ಲಿ ಹೊಸ ಕಲಂ ಬರೆಯುತ್ತಾ ಹೋದರೆ ಹೋಲಿಕೆ ಪಟ್ಟಿ ತಾನಾಗಿಯೇ ಸಿದ್ಧವಾಗುತ್ತದೆ. ಅಂಗಡಿಯಲ್ಲಿ ಸಿಗುವ ಹೋಲಿಕೆ ಪಟ್ಟಿ ತಿರುವಿ ಹಾಕಿದರೆ ನೆನಪಿನಲ್ಲಿ ನಿಲ್ಲುವುದಿಲ್ಲ, ಸ್ವಂತ ಕೈಯಲ್ಲಿ ಬರೆದದ್ದು ನಿಲ್ಲುತ್ತದೆ.

ಇದರ ಜೊತೆಗೇ ಬಿಎನ್‌ಎಸ್‌ಎಸ್‌ನ ಮೊದಲ ಅನುಸೂಚಿ ಓದಿ. ಆರು ಕಾಲಂ ಇವೆ: ಕಲಂ, ಅಪರಾಧ, ಶಿಕ್ಷೆ, ಸಂಜ್ಞೇಯವೋ (ಪೊಲೀಸರು ವಾರಂಟಿಲ್ಲದೆ ಬಂಧಿಸಬಹುದಾದದ್ದು) ಅಲ್ಲವೋ, ಜಾಮೀನು ಸಿಗುವಂಥದ್ದೋ ಅಲ್ಲವೋ, ಯಾವ ಕೋರ್ಟು ವಿಚಾರಣೆ ಮಾಡಬಹುದು. ಮ್ಯಾಜಿಸ್ಟ್ರೇಟ್ ಕೋರ್ಟಿನ ಮುಕ್ಕಾಲು ಪಾಲು ಪ್ರಶ್ನೆಗಳಿಗೆ ಉತ್ತರ ಕೊನೆಯ ಮೂರು ಕಾಲಮಿನಲ್ಲೇ ಸಿಗುತ್ತದೆ. ಅದನ್ನು ಬಿಟ್ಟು ವ್ಯಾಖ್ಯಾನಕ್ಕೆ ಓಡುವುದು ದೊಡ್ಡ ತಪ್ಪು.

ಒಂದು ಉದಾಹರಣೆ. ಹಳ್ಳಿಯ ಜಗಳಕ್ಕೆ ಹಿಂದೆ ಐಪಿಸಿಯಲ್ಲಿ (ಹಳೆಯ ದಂಡ ಸಂಹಿತೆ) ಹಾಕುತ್ತಿದ್ದ 323, 324, 504, 506 ಜೊತೆಗೆ 34 ಈಗ ಬಿಎನ್‌ಎಸ್‌ನಲ್ಲಿ 115(2), 118(1), 352, 351(2) ಜೊತೆಗೆ 3(5). ಇದರಲ್ಲಿ 118(1) (ಅಪಾಯಕಾರಿ ಆಯುಧದಿಂದ ಗಾಯ) ಒಂದೇ ಸಂಜ್ಞೇಯ. ಅದೊಂದು ಇದ್ದರೆ ಬಿಎನ್‌ಎಸ್‌ಎಸ್ 174(4)ರ ಪ್ರಕಾರ ಇಡೀ ಪ್ರಕರಣವೇ ಸಂಜ್ಞೇಯ ಅಂತ ಪರಿಗಣನೆ. ಅದನ್ನು ತೆಗೆದರೆ ಉಳಿದ ಕಲಂಗಳಿಗೆ ಪೊಲೀಸರು 174(2)ರಡಿ ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ತನಿಖೆಗೆ ಕೈ ಹಾಕುವಂತಿಲ್ಲ. ಒಂದು ಕಲಂ ಇದೆಯೋ ಇಲ್ಲವೋ ಎಂಬುದರ ಮೇಲೆ ಕೇಸಿನ ಬುಡವೇ ನಿಂತಿರುತ್ತದೆ.

ಹಳೆ ಕಾನೂನು, ಹೊಸ ಕಾನೂನು ಬೇರೆ ಮಾಡಲು ಎರಡು ತಾರೀಖು ಕೇಳಿ. ಅಪರಾಧ ನಡೆದದ್ದು ಯಾವತ್ತು? 1-7-2024ಕ್ಕೆ ಮುಂಚೆ ಆಗಿದ್ದರೆ ಐಪಿಸಿ, ಆಮೇಲಾದರೆ ಬಿಎನ್‌ಎಸ್. ತನಿಖೆಯೋ ವಿಚಾರಣೆಯೋ ಆ ದಿನಕ್ಕೆ ಮುಂಚೆಯೇ ಬಾಕಿ ಇತ್ತೇ? ಇದ್ದರೆ ಬಿಎನ್‌ಎಸ್‌ಎಸ್ 531ರ ಉಳಿಕೆ ವಿಧಿಯಂತೆ ಸಿಆರ್‌ಪಿಸಿಯೇ ಮುಂದುವರಿಯುತ್ತದೆ. ಜೂನ್ 2024ರ ಹೊಡೆದಾಟಕ್ಕೆ ಆಗಸ್ಟ್ 2024ರಲ್ಲಿ ಎಫ್‌ಐಆರ್ ಆದರೆ ಅಪರಾಧ ಐಪಿಸಿ, ನಡಾವಳಿ ಬಿಎನ್‌ಎಸ್‌ಎಸ್. ಸಾಕ್ಷ್ಯಕ್ಕೂ ಬಿಎಸ್‌ಎ 170ರಲ್ಲಿ ಇದೇ ರೀತಿಯ ಉಳಿಕೆ ವಿಧಿ ಇದೆ.

ಗ್ರಂಥಗಳ ಮಾತಿಗೆ ಬಂದರೆ, ನಡಾವಳಿಯ ಒಟ್ಟು ಚಿತ್ರಕ್ಕೆ ಆರ್.ವಿ. ಕೇಳ್ಕರರ ಪುಸ್ತಕ ಒಂದು ಸಾಕು. ಅಪರಾಧಗಳ ಅಂಶಗಳಿಗೆ ರತನ್‌ಲಾಲ್ ಧೀರಜ್‌ಲಾಲ್. ಕೊಳ್ಳುವ ಮುಂಚೆ ಹೊಸ ಸಂಹಿತೆಗಳಿಗೆ ಪರಿಷ್ಕರಿಸಿದ ಮುದ್ರಣವೋ ಅಲ್ಲವೋ ನೋಡಿಕೊಳ್ಳಿ. ಇವುಗಳನ್ನು ಮೊದಲಿನಿಂದ ಕೊನೆಯವರೆಗೆ ಓದುವ ಅಗತ್ಯವಿಲ್ಲ. ಕಡತದಲ್ಲಿ ಪ್ರಶ್ನೆ ಎದ್ದಾಗ ಆ ಪುಟ ತೆರೆದರೆ ಸಾಕು.

ಹಳೇ ಶಿರಸ್ತೇದಾರ್

ಕಡತ ಓದಿ ಅಂದದ್ದು ಸರಿ. ಆದರೆ ಹೊಸಬರು ಕಡತದಲ್ಲಿ ಆರ್ಡರ್ ಶೀಟ್ (ಪ್ರತಿ ವಾಯಿದೆಯ ಆದೇಶ ಬರೆಯುವ ಹಾಳೆ) ಬಿಟ್ಟು ಉಳಿದದ್ದೆಲ್ಲ ಓದುತ್ತಾರೆ. ಕೇಸು ಎಲ್ಲಿ ಸಿಕ್ಕಿಹಾಕಿಕೊಂಡಿತು ಅನ್ನುವುದು ಅಲ್ಲೇ ಕಾಣುವುದು. ಇದರ ಜೊತೆಗೆ 1968ರ ಕರ್ನಾಟಕ ಕ್ರಿಮಿನಲ್ ರೂಲ್ಸ್ ಆಫ್ ಪ್ರಾಕ್ಟೀಸ್ ತಪ್ಪದೆ ಓದಿ ಅಮ್ಮಾ. ರಿಜಿಸ್ಟರ್‌ಗಳು, ಗುರುತು ಹಾಕುವ ಕ್ರಮ, ನಕಲು ಪಡೆಯುವ ಬಗೆ, ತೀರ್ಪಿನ ಜೊತೆಗಿರಬೇಕಾದ ಪಟ್ಟಿಗಳು, ಇವು ಸಂಹಿತೆಯಲ್ಲಿ ಸಿಗುವುದಿಲ್ಲ. ಠಾಣೆಯ ಅಪರಾಧ ಸಂಖ್ಯೆ, ಖಾಸಗಿ ದೂರಿನ ಪಿಸಿಆರ್ ಸಂಖ್ಯೆ, ಕಾಗ್ನಿಜೆನ್ಸ್ ಆದ ಮೇಲೆ ಬರುವ ಸಿಸಿ ಸಂಖ್ಯೆ ಈ ಮೂರನ್ನು ಒಂದಕ್ಕೊಂದು ಬೆರೆಸಿ ಅರ್ಜಿ ಹಾಕಿದರೆ ಕಚೇರಿಯಲ್ಲಿ ಆಕ್ಷೇಪಣೆ ಬಿದ್ದು ಒಂದು ವಾಯಿದೆ ಹೋಗುತ್ತದೆ.

ಆರ್ಡರ್ ಶೀಟ್‌ನಲ್ಲಿ ಮುಖ್ಯವಾಗಿ ನೋಡಬೇಕಾದದ್ದು ಆರೋಪಿ ಸಿಗದಿದ್ದಾಗ ಏನಾಯಿತು ಅಂತ. ಎನ್‌ಬಿಡಬ್ಲ್ಯೂ (ಜಾಮೀನುರಹಿತ ವಾರಂಟ್) ಜಾರಿಯಾಗದೆ ವಾಪಸ್ ಬರಬೇಕು, ಆಮೇಲೆ ಬಿಎನ್‌ಎಸ್‌ಎಸ್ 84ರಡಿ ಘೋಷಣೆ, ನಂತರ 85ರಡಿ ಜಪ್ತಿ, ಕೊನೆಗೆ 335ರಡಿ ಗೈರಿನಲ್ಲಿ ಸಾಕ್ಷ್ಯ ದಾಖಲು. ಘೋಷಣೆ ಪ್ರಕಟವಾದ ದಿನದಿಂದ ಹಾಜರಾಗುವ ದಿನಕ್ಕೆ ಕನಿಷ್ಠ 30 ದಿನ ಅಂತರ ಇರಲೇಬೇಕು. ಕೋರ್ಟು 40 ದಿನದ ವಾಯಿದೆ ಕೊಟ್ಟಿರುತ್ತದೆ, ಠಾಣೆಯವರು ಘೋಷಣೆಯನ್ನು ಮನೆಗೆ ಅಂಟಿಸುವಷ್ಟರಲ್ಲಿ 20 ದಿನ ಕಳೆದಿರುತ್ತದೆ, ಉಳಿದದ್ದು 20 ದಿನ. ಅಲ್ಲಿಗೆ ಆ ಘೋಷಣೆ ಬಿದ್ದುಹೋಯಿತು. ಆರೋಪಿ ಪರ ಇದ್ದರೆ ಪ್ರಕಟಣೆಯ ಷರಾ ಮೇಲಿನ ತಾರೀಖನ್ನು ಮೊದಲು ನೋಡಿ.

ಎನ್‌ಸಿ ಅನುಮತಿಗೆ ಓದಬೇಕಾದ ತೀರ್ಪು ನಮ್ಮ ಹೈಕೋರ್ಟಿನದೇ, ವಗ್ಗೆಪ್ಪ ಗುರುಲಿಂಗ ಜಂಗಳಗಿ ಪ್ರಕರಣ, ಐಎಲ್‌ಆರ್ 2020 ಕರ್ನಾಟಕ 630. ಠಾಣೆಯ ಕೋರಿಕೆ ಪತ್ರದ ಮೂಲೆಯಲ್ಲಿ 'ಅನುಮತಿಸಿದೆ' ಅಂತ ಬರೆದು ಸಹಿ ಮಾಡಿದರೆ ಅದು ಆದೇಶವಾಗುವುದಿಲ್ಲ. ಪತ್ರ ಅಂಚೆಯಲ್ಲಿ ಬಂತೋ ಮುದ್ದಾಂ ಬಂತೋ, ಯಾವತ್ತು ಬಂತು ಎಂಬುದನ್ನು ದಾಖಲಿಸಬೇಕು, ಪ್ರತ್ಯೇಕ ಆರ್ಡರ್ ಶೀಟ್ ತೆರೆಯಬೇಕು, ಮನಸ್ಸು ಹಚ್ಚಿ ನೋಡಿದ್ದು ಆದೇಶದಲ್ಲಿ ಕಾಣಬೇಕು. ತೀರ್ಪು ಹಳೆಯ ಸಿಆರ್‌ಪಿಸಿ 155ರ ಮೇಲಿನದು. 174ರ ಭಾಷೆಯೂ ಬಹುತೇಕ ಅದೇ ಆದ್ದರಿಂದ ಪಕ್ಕದಲ್ಲಿಟ್ಟುಕೊಂಡು ಓದಿ.

ಅಭಿಯೋಜಕ, ಧಾರವಾಡ

ರಿಮಾಂಡ್ ಬಗ್ಗೆ ಹೇಳುತ್ತೇನೆ. ಬಿಎನ್‌ಎಸ್‌ಎಸ್ ಕಲಂ 187ನ್ನು ಸಂವಿಧಾನದ 22ನೇ ಅನುಚ್ಛೇದದ ಜೊತೆಗೆ, 35, 47, 48, 58ರ ಜೊತೆಗೆ ಓದಬೇಕು. ತೀರ್ಪುಗಳಲ್ಲಿ ಡಿ.ಕೆ. ಬಸು (1997), ಅರ್ನೇಶ್ ಕುಮಾರ್ (2014), ಸತೇಂದರ್ ಕುಮಾರ್ ಅಂತಿಲ್ (2022), ವಿಹಾನ್ ಕುಮಾರ್ (2025) ಈ ನಾಲ್ಕನ್ನು ಇದೇ ಅನುಕ್ರಮದಲ್ಲಿ ಓದಿ. ಬಂಧನ ಹೇಗಿರಬೇಕು, ಬಂಧನ ಬೇಕೇ, ಜಾಮೀನು ಯಾವಾಗ, ಬಂಧನದ ಕಾರಣ ತಿಳಿಸದಿದ್ದರೆ ಏನಾಗುತ್ತದೆ, ಈ ನಾಲ್ಕು ಪ್ರಶ್ನೆಗೆ ನಾಲ್ಕು ತೀರ್ಪು.

ಓದಿದ್ದನ್ನು ರಿಮಾಂಡ್ ಅರ್ಜಿಯ ಮೇಲೆ ಪ್ರಯೋಗಿಸುವ ಬಗೆ ಇದು. ಬಂಧನದ ಗಂಟೆ ನಿಮಿಷ ಬರೆದಿದೆಯೇ? ಪ್ರಯಾಣದ ಸಮಯ ಬಿಟ್ಟು 24 ಗಂಟೆ ಮೀರಿದೆಯೇ? ಏಳು ವರ್ಷದವರೆಗಿನ ಶಿಕ್ಷೆಯ ಅಪರಾಧವಾದರೆ 35(3)ರ ನೋಟಿಸ್ ಯಾಕೆ ಸಾಲಲಿಲ್ಲ ಅನ್ನುವುದಕ್ಕೆ ಈ ಆರೋಪಿಗೆ ಹೊಂದುವ ಕಾರಣ ಇದೆಯೇ, ಇಲ್ಲ ಮುದ್ರಿತ ನಮೂನೆಗೆ ಬರೀ ಟಿಕ್ ಹಾಕಿದ್ದಾರೆಯೇ? ಬಂಧನದ ಕಾರಣವನ್ನು ಆರೋಪಿಗೆ ಅವನ ಭಾಷೆಯಲ್ಲಿ ಕೊಟ್ಟಿದ್ದಾರೆಯೇ? ಬಂಧುಗಳಿಗೆ ತಿಳಿಸಿದ್ದಾರೆಯೇ? 'ತನಿಖೆ ಪ್ರಗತಿಯಲ್ಲಿದೆ' ಎಂಬ ಒಂದೇ ಸಾಲಿನ ಮೇಲೆ ರಿಮಾಂಡ್ ವಿಸ್ತರಿಸುವಂತೆ ಅಭಿಯೋಜಕನಾದವನೂ ಕೇಳಬಾರದು.

ಹೊಸ ಕಲಮಿನಲ್ಲಿ ಬಹಳ ಜನ ತಪ್ಪಾಗಿ ಓದುವುದು ಪೊಲೀಸ್ ಕಸ್ಟಡಿಯ ಲೆಕ್ಕ. ಒಟ್ಟು 15 ದಿನ ಅನ್ನುವುದು ಬದಲಾಗಿಲ್ಲ. ಹಿಂದೆ ಅದು ಮೊದಲ 15 ದಿನದೊಳಗೇ ಮುಗಿಯುತ್ತಿತ್ತು. ಈಗ ದೋಷಾರೋಪಣ ಪಟ್ಟಿಗೆ 60 ದಿನದ ಗಡುವಿರುವ ಪ್ರಕರಣದಲ್ಲಿ ಮೊದಲ 40 ದಿನದೊಳಗೆ, 90 ದಿನದ ಪ್ರಕರಣದಲ್ಲಿ ಮೊದಲ 60 ದಿನದೊಳಗೆ ತುಂಡು ತುಂಡಾಗಿಯೂ ಕೇಳಬಹುದು. 40 ದಿನ ಪೂರ್ತಿ ಪೊಲೀಸ್ ಕಸ್ಟಡಿ ಅಂತ ಅರ್ಥವಲ್ಲ.

ಡಿಫಾಲ್ಟ್ ಜಾಮೀನಿಗೆ (ಗಡುವಿನೊಳಗೆ ದೋಷಾರೋಪಣ ಪಟ್ಟಿ ಬರದಿದ್ದರೆ ಸಿಗುವ ಜಾಮೀನು) ಲೆಕ್ಕ ಶುರುವಾಗುವುದು ಬಂಧನದ ದಿನದಿಂದಲ್ಲ, ರಿಮಾಂಡ್ ಮಾಡಿದ ದಿನದಿಂದ. ಆ ದಿನವನ್ನೂ ಸೇರಿಸಬೇಕು ಅಂತ ಕಪಿಲ್ ವಾಧವಾನ್ ಪ್ರಕರಣದಲ್ಲಿ (2023) ಮೂವರು ನ್ಯಾಯಮೂರ್ತಿಗಳ ಪೀಠ ಹೇಳಿದೆ. 1-8-2025ರಂದು ಮೊದಲ ರಿಮಾಂಡ್ ಅನ್ನಿ. ಆಗಸ್ಟ್ 31ಕ್ಕೆ 31 ದಿನ, ಸೆಪ್ಟೆಂಬರ್ 29ಕ್ಕೆ 60 ದಿನ. ಅವತ್ತಿನೊಳಗೆ ದೋಷಾರೋಪಣ ಪಟ್ಟಿ ಬರದಿದ್ದರೆ ಸೆಪ್ಟೆಂಬರ್ 30ರಂದು ಹಕ್ಕು ಹುಟ್ಟುತ್ತದೆ. ಅವತ್ತು ಕೋರ್ಟು ಕೂರುವ ಹೊತ್ತಿಗೇ ಅರ್ಜಿ ಹಾಕಿ, ಕೊಟ್ಟ ಗಂಟೆಯನ್ನು ಸೀಲಿನ ಜೊತೆ ಬರೆಸಿಕೊಳ್ಳಿ. ಅರ್ಜಿ ಹಾಕಿ ಜಾಮೀನು ಒದಗಿಸಲು ಸಿದ್ಧ ಅಂದ ಮೇಲೆ ಮಧ್ಯಾಹ್ನ ದೋಷಾರೋಪಣ ಪಟ್ಟಿ ಬಂದರೂ ಹಕ್ಕು ಹೋಗುವುದಿಲ್ಲ. ಉದಯ್ ಮೋಹನ್‌ಲಾಲ್ ಆಚಾರ್ಯ (2001), ಎಂ. ರವೀಂದ್ರನ್ (2020) ಎರಡನ್ನೂ ಓದಿ. ಅರ್ಜಿ ಹಾಕದೆ ಸಂಜೆವರೆಗೆ ಕಾದು, ಅಷ್ಟರಲ್ಲಿ ಪಟ್ಟಿ ಬಂದುಬಿಟ್ಟರೆ ಹಕ್ಕು ಕೈಬಿಟ್ಟಂತೆ. ಒಬ್ಬ ಮನುಷ್ಯನ ಬಿಡುಗಡೆ ಅರ್ಧ ದಿನದ ಅಲಕ್ಷ್ಯಕ್ಕೆ ಹೋಗಿಬಿಡುತ್ತದೆ, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಕಿರಿಯ ವಕೀಲೆ, ಚಿತ್ರದುರ್ಗ ಜಿಲ್ಲೆ

ಎಲ್ಲರಿಗೂ ಧನ್ಯವಾದ, ಆರ್ಡರ್ ಶೀಟ್‌ನಿಂದಲೇ ಶುರು ಮಾಡುತ್ತೇನೆ. ಖಾಸಗಿ ದೂರಿನಲ್ಲಿ ಕಾಗ್ನಿಜೆನ್ಸ್‌ಗೆ ಮುಂಚೆಯೇ ಆರೋಪಿಗೆ ನೋಟಿಸ್ ಕೊಡಬೇಕು ಅಂತ 223ರಲ್ಲಿ ಇದೆಯಲ್ಲ, ಅದು ದೂರು ಹಾಕಿದ ದಿನವೇ ಹೋಗಬೇಕೇ? ಚೆಕ್ ಕೇಸಿಗೂ ಇದು ಬೇಕೇ?

ಕಡತದ ಹುಳು

ದೂರು ಹಾಕಿದ ದಿನವೇ ಅಲ್ಲ. ಬಸನಗೌಡ ಯತ್ನಾಳ್ ಮತ್ತು ಶಿವಾನಂದ ಪಾಟೀಲ್ ನಡುವಿನ ಪ್ರಕರಣದಲ್ಲಿ 2024ರ ಸೆಪ್ಟೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟು ಕ್ರಮವನ್ನು ಬಿಡಿಸಿ ಹೇಳಿದೆ. ಮೊದಲು ದೂರುದಾರರ ಪ್ರಮಾಣೀಕೃತ ಹೇಳಿಕೆ, ಸಾಕ್ಷಿಗಳಿದ್ದರೆ ಅವರದೂ ಆಗಬೇಕು. ಆಮೇಲೆ ಆರೋಪಿಗೆ ನೋಟಿಸ್. ನೋಟಿಸಿನ ಜೊತೆ ದೂರಿನ ಪ್ರತಿಯೊಂದಿಗೆ ಆ ಹೇಳಿಕೆಗಳ ಪ್ರತಿಯೂ ಹೋಗಬೇಕು, ಇಲ್ಲದಿದ್ದರೆ ಆರೋಪಿ ಉತ್ತರ ಕೊಡುವುದು ಯಾವುದಕ್ಕೆ? ಅವರ ಮಾತು ಕೇಳಿದ ಮೇಲೆ ಕಾಗ್ನಿಜೆನ್ಸ್ ಬಗ್ಗೆ ತೀರ್ಮಾನ.

ತನಿಖೆಗೆ ಕಳಿಸಿ ಅಂತ ಕೇಳುವುದಾದರೆ ದಾರಿ ಬೇರೆ. ಮೊದಲು ಠಾಣೆಗೆ, ಅಲ್ಲಿ ಆಗದಿದ್ದರೆ 173(4)ರಂತೆ ಎಸ್‌ಪಿಯವರಿಗೆ ದೂರಿನ ಸಾರ ಬರಹದಲ್ಲಿ, ಆಮೇಲೆ ಅಫಿಡವಿಟ್ ಸಮೇತ 175(3)ರ ಅರ್ಜಿ. ಪ್ರಿಯಾಂಕಾ ಶ್ರೀವಾಸ್ತವ (2015) ತೀರ್ಪು ಹೇಳಿದ ಅಫಿಡವಿಟ್ ಈಗ ಕಾಯ್ದೆಯಲ್ಲೇ ಸೇರಿದೆ. ಎಸ್‌ಪಿಗೆ ಕಳಿಸಿದ ರಿಜಿಸ್ಟರ್ಡ್ ಅಂಚೆಯ ರಸೀದಿ ಲಗತ್ತಿಸದೆ ಬಂದ ಅರ್ಜಿಗಳು ನಿಲ್ಲುವುದಿಲ್ಲ. ಪ್ರಮಾಣೀಕೃತ ಹೇಳಿಕೆ ದಾಖಲಾಗಿ ಕಾಗ್ನಿಜೆನ್ಸ್ ಆದ ಮೇಲೆ ಹಿಂದಕ್ಕೆ ಹೋಗಿ 175(3) ಕೇಳುವಂತಿಲ್ಲ, ಆಗ ಉಳಿಯುವುದು 225 ಮಾತ್ರ.

ಚೆಕ್ ಕೇಸಿಗೆ ಕಾಗ್ನಿಜೆನ್ಸ್‌ಪೂರ್ವ ನೋಟಿಸ್ ಬೇಡ. ಕರ್ನಾಟಕ ಹೈಕೋರ್ಟು ಹಾಗೆ ಹೇಳಿತ್ತು, ಸಂಜಬಿಜ್ ತಾರಿ ಪ್ರಕರಣದಲ್ಲಿ (ಸೆಪ್ಟೆಂಬರ್ 2025) ಸುಪ್ರೀಂ ಕೋರ್ಟು ಅದನ್ನೇ ಒಪ್ಪಿತು. ಚೆಕ್ ಬೌನ್ಸಿನ ಕಲಂ 138ಕ್ಕೆ (ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆ) ಓದಲು ಇನ್ನೂ ಎರಡು ತೀರ್ಪು ಜೋಡಿಯಾಗಿ ತೆಗೆದುಕೊಳ್ಳಿ, ಎರಡೂ ನಮ್ಮ ರಾಜ್ಯದಿಂದ ಹೋದವು: ರಂಗಪ್ಪ (2010), ಬಸಲಿಂಗಪ್ಪ (2019). ಮೊದಲನೆಯದು 139ರ ಪೂರ್ವಭಾವನೆ ಸಾಲದ ಅಸ್ತಿತ್ವಕ್ಕೂ ಅನ್ವಯಿಸುತ್ತದೆ ಅನ್ನುತ್ತದೆ. ಎರಡನೆಯದು ಆರೋಪಿ ಅದನ್ನು ಕಳಚಲು ಎಷ್ಟು ತೋರಿಸಿದರೆ ಸಾಕು, ದೂರುದಾರರ ಆರ್ಥಿಕ ಶಕ್ತಿ ಪ್ರಶ್ನಿಸಿದರೆ ಏನು ಅಂತ ಹೇಳುತ್ತದೆ. ಒಂದನ್ನೇ ಓದಿದವರ ವಾದ ಕುಂಟುತ್ತದೆ.

ಅವಧಿಯ ಲೆಕ್ಕ ಬೆರಳ ಮೇಲಿರಲಿ. ಚೆಕ್ ವಾಪಸಾದ ಬಗ್ಗೆ ಬ್ಯಾಂಕಿನ ಮೆಮೊ ಮಾರ್ಚ್ 3ಕ್ಕೆ ಕೈಸೇರಿದರೆ ಏಪ್ರಿಲ್ 2ರೊಳಗೆ ನೋಟಿಸ್ ಹೊರಡಬೇಕು. ಅದು ಏಪ್ರಿಲ್ 10ಕ್ಕೆ ತಲುಪಿದರೆ ಹಣ ಕೊಡಲು 25ರವರೆಗೆ ಸಮಯ. 26ಕ್ಕೆ ವ್ಯಾಜ್ಯಕಾರಣ, ಮೇ 26ರೊಳಗೆ ದೂರು. ಏಪ್ರಿಲ್ 24ಕ್ಕೇ ಆತುರಪಟ್ಟು ಹಾಕಿದ ದೂರು ದೂರೇ ಅಲ್ಲ ಅಂತ ಯೋಗೇಂದ್ರ ಪ್ರತಾಪ್ ಸಿಂಗ್ (2014) ತೀರ್ಪು. ದೂರು ತಡವಾದರೆ ಕಾರಣ ತೋರಿಸಿ ಮನ್ನಾ ಕೇಳಬಹುದು. ನೋಟಿಸಿನ 30 ದಿನಕ್ಕೆ ಮನ್ನಾ ಇಲ್ಲ.

ಪಾಟೀ ಸವಾಲು

ವೈರುಧ್ಯದ ಬಗ್ಗೆ ಕೇಳಿದ್ದೀರಿ. ಓದಬೇಕಾದದ್ದು ಮೂರೇ: ಬಿಎನ್‌ಎಸ್‌ಎಸ್ 181 ಅದರ ವಿವರಣೆ ಸಮೇತ, ಬಿಎಸ್‌ಎ 148, ಮತ್ತು ತಹಸೀಲ್ದಾರ್ ಸಿಂಗ್ (1959). ಕೊನೆಯದನ್ನು ನಿಧಾನವಾಗಿ, ಎರಡು ಸಲ ಓದಿ.

ಈಗ ಕೋರ್ಟಿನಲ್ಲಿ ಮಾಡುವ ಬಗೆ. ಪ್ರಾ.ಸಾ.2 (ಪ್ರಾಸಿಕ್ಯೂಷನ್ ಪರದ ಎರಡನೇ ಸಾಕ್ಷಿ) ಮುಖ್ಯ ವಿಚಾರಣೆಯಲ್ಲಿ 'ಆರೋಪಿ ದೊಣ್ಣೆಯಿಂದ ತಲೆಗೆ ಹೊಡೆದ' ಅಂತ ಹೇಳಿದ್ದಾರೆ. ಪೊಲೀಸರ ಮುಂದಿನ 180ರ ಹೇಳಿಕೆಯಲ್ಲಿ 'ಕೈಯಿಂದ ಕೆನ್ನೆಗೆ ಹೊಡೆದ' ಅಂತ ಇದೆ. ಆ ವಾಕ್ಯವನ್ನು ಸಾಕ್ಷಿಗೆ ಇದ್ದದ್ದು ಇದ್ದಹಾಗೆ ಓದಿ ಹೇಳಿ, 'ಹೀಗೆ ಹೇಳಿದ್ದೀರಾ?' ಅಂತ ಕೇಳಿ. ಒಪ್ಪಿದರೆ ಅಲ್ಲಿಗೆ ರುಜುವಾತಾಯಿತು. ಇಲ್ಲ ಅಂದರೆ ಅದೊಂದೇ ವಾಕ್ಯವನ್ನು, ರುಜುವಾತಿಗೆ ಒಳಪಟ್ಟು, ನಿಶಾನೆ ಡಿ.1 (ಆರೋಪಿ ಪರದ ಮೊದಲ ದಾಖಲೆ) ಅಂತ ಗುರುತಿಸಲು ಕೋರಿ. ತನಿಖಾಧಿಕಾರಿ ಕಟಕಟೆಗೆ ಬಂದಾಗ 'ಪ್ರಾ.ಸಾ.2 ನಿಮ್ಮ ಮುಂದೆ ನಿಶಾನೆ ಡಿ.1ರಂತೆ ಹೇಳಿಕೆ ಕೊಟ್ಟರೇ?' ಅಂತ ಕೇಳಿ, 'ಹೌದು' ಅಂತ ದಾಖಲಾಗಬೇಕು. ಆಗಲೇ ವೈರುಧ್ಯ ಪೂರ್ಣವಾಗುವುದು. ಈ ಕೊನೆಯ ಪ್ರಶ್ನೆ ಬಿಟ್ಟುಹೋಗಿ ಒಳ್ಳೊಳ್ಳೆಯ ಪಾಟೀ ಸವಾಲುಗಳು ತೀರ್ಪಿನಲ್ಲಿ ಕೆಲಸಕ್ಕೆ ಬಾರದೆ ಹೋಗುತ್ತವೆ, ಯಾಕೆಂದರೆ ಸಾಕ್ಷಿಗೂ ತನಿಖಾಧಿಕಾರಿಗೂ ನಡುವೆ ಎಷ್ಟೋ ವಾಯಿದೆಗಳ ಅಂತರ ಇರುತ್ತದೆ, ಅಷ್ಟರಲ್ಲಿ ಮರೆತಿರುತ್ತಾರೆ. ಗುರುತಾದ ದಿನವೇ ಕಡತದ ಮೊದಲ ಪುಟದಲ್ಲಿ ಬರೆದಿಡಿ: ಡಿ.1, ಪ್ರಾ.ಸಾ.2, ತನಿಖಾಧಿಕಾರಿಗೆ ಕೇಳಬೇಕು.

ಲೋಪ ಬೇರೆ ವಿಷಯ. ಹೇಳಿಕೆಯಲ್ಲಿ ದೊಣ್ಣೆಯ ಮಾತೇ ಇಲ್ಲ ಅನ್ನಿ. ಇಲ್ಲದ್ದನ್ನು ಗುರುತಿಸುವುದು ಹೇಗೆ? ಆಗ 'ದೊಣ್ಣೆಯ ವಿಷಯ ಪೊಲೀಸರಿಗೆ ಹೇಳಿದ್ದೀರಾ?' ಅಂತ ಸಾಕ್ಷಿಗೆ ಕೇಳಿ, ಹೇಳಿದ್ದೇನೆ ಅಂತಾರೆ. ತನಿಖಾಧಿಕಾರಿಯಿಂದ 'ಹಾಗೆ ಹೇಳಿಲ್ಲ' ಅಂತ ತೆಗೆಯಿರಿ. ಅದು ವೈರುಧ್ಯದಷ್ಟು ಮಹತ್ವದ ಲೋಪವೇ ಅನ್ನುವುದು 181ರ ವಿವರಣೆಯಂತೆ ಆಯಾ ಪ್ರಕರಣದ ಸಂಗತಿಗೆ ಬಿಟ್ಟದ್ದು. ಇಡೀ ಹೇಳಿಕೆಯನ್ನು ಡಿ.1 ಅಂತ ಗುರುತಿಸುವ ಅಭ್ಯಾಸ ಮಾತ್ರ ಬೇಡ. ಅದರಲ್ಲಿ ನಿಮ್ಮ ಕಕ್ಷಿದಾರರ ವಿರುದ್ಧದ ಸಾಲುಗಳೂ ಕಡತಕ್ಕೆ ಬಂದು ಕೂರುತ್ತವೆ.

ಗಾಯದ ಪ್ರಮಾಣಪತ್ರ ಓದಲು ಮೋದಿಯವರ ವೈದ್ಯಕೀಯ ನ್ಯಾಯಶಾಸ್ತ್ರದಲ್ಲಿ ಗಾಯಗಳ ಅಧ್ಯಾಯ ಸಾಕು. ಜೊತೆಗೆ ಬಿಎನ್‌ಎಸ್ 116 ನೋಡಿ. ಸಾಮಾನ್ಯ ದಿನಚರಿ ನಡೆಸಲಾಗದ ಅವಧಿ ಐಪಿಸಿ 320ರಲ್ಲಿ 20 ದಿನ ಇದ್ದದ್ದು ಈಗ 15 ದಿನ. ಮೂಳೆ ಮುರಿತದಿಂದ ತೀವ್ರ ಗಾಯ ಅಂತ ವೈದ್ಯರು ಬರೆದಿದ್ದರೆ ಎಕ್ಸ್‌ರೇ ಫಿಲಂ ಕಡತದಲ್ಲಿದೆಯೇ, ಅದನ್ನು ಓದಿದವರು ಸಾಕ್ಷಿ ಪಟ್ಟಿಯಲ್ಲಿದ್ದಾರೆಯೇ ಅಂತ ಹುಡುಕಿ.

ಹಳೇ ಶಿರಸ್ತೇದಾರ್

ಮುದ್ದೆಮಾಲು ಉಳಿಯಿತು. ಓದಬೇಕಾದದ್ದು ಬಿಎನ್‌ಎಸ್‌ಎಸ್ 497, 503, ಮತ್ತು ಸುಂದರ್‌ಭಾಯಿ ಅಂಬಾಲಾಲ್ ದೇಸಾಯಿ (2002). ಹೊಸ 497ರಲ್ಲಿ ಮಾಲು ಹಾಜರಾದ 14 ದಿನದೊಳಗೆ ವಿವರಪಟ್ಟಿ, ಫೋಟೊ ಅಥವಾ ವಿಡಿಯೊ, ಪಟ್ಟಿ ಆದ 30 ದಿನದೊಳಗೆ ವಿಲೇವಾರಿ ಆದೇಶ ಅಂತ ಇದೆ. ಬೈಕು ಬಿಡಿಸಲು ಹೋಗುವಾಗ ಆರ್‌ಸಿ, ಚಾಲ್ತಿ ವಿಮೆ, ಗುರುತಿನ ಚೀಟಿ, ಶ್ಯೂರಿಟಿಯ ಪಹಣಿ ಇವುಗಳ ಮೂಲ ಪ್ರತಿ ಕೈಯಲ್ಲಿರಲಿ. ಆರ್‌ಸಿ ಬೇರೆಯವರ ಹೆಸರಿನಲ್ಲಿದ್ದರೆ ಅರ್ಜಿಯನ್ನು ಆ ಮಾಲೀಕರೇ ಹಾಕಬೇಕು. ಅರಣ್ಯ ಕಾಯ್ದೆ, ಅಬಕಾರಿ ಕಾಯ್ದೆಯಲ್ಲಿ ಹಿಡಿದ ವಾಹನವಾದರೆ ಮುಟ್ಟುಗೋಲು ಅಧಿಕಾರಿಯ ಮುಂದೆ ನಡಾವಳಿ ಶುರುವಾಗಿದೆಯೇ ಅಂತ ಮೊದಲು ವಿಚಾರಿಸಿ. ಆಗಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ಹಾಕಿದ ಅರ್ಜಿ ತಿಂಗಳುಗಟ್ಟಲೆ ಅಲೆದಾಡಿ ವಜಾ ಆಗುತ್ತದೆ.

ಅಭಿಯೋಜಕ, ಧಾರವಾಡ

ಪರೀಕ್ಷೆಗೆ ಒಂದು ಮಾತು ಸೇರಿಸುತ್ತೇನೆ. ಸುಪ್ರೀಂ ಕೋರ್ಟಿನ ಇ-ಎಸ್‌ಸಿಆರ್ ಜಾಲತಾಣದಲ್ಲಿ ತೀರ್ಪುಗಳು ಉಚಿತ, ಹಲವಕ್ಕೆ ಕನ್ನಡ ಅನುವಾದವೂ ಇದೆ. ಇಂಗ್ಲಿಷ್ ಮೂಲದ ಒಂದು ಪುಟ ತೆಗೆದು ನೀವೇ ಕನ್ನಡಿಸಿ, ಆಮೇಲೆ ಅಲ್ಲಿಯ ಅನುವಾದದ ಜೊತೆ ಹೋಲಿಸಿ. ಭಾಷಾಂತರ ಪತ್ರಿಕೆಗೂ ಆಯಿತು, ತೀರ್ಪು ಓದಿದಂತೆಯೂ ಆಯಿತು. ತೀರ್ಪು ಬರೆಯುವ ಅಭ್ಯಾಸಕ್ಕೆ ಮೇಲೆ ಹೇಳಿದ ಅದೇ ಹೊಡೆದಾಟದ ಕಡತ ಬಳಸಿ. ಕೊನೆಯ ತೀರ್ಪನ್ನು ಹೊಲಿದು ಮುಚ್ಚಿಟ್ಟು, ಆರೋಪ ನೀವೇ ರಚಿಸಿ, 393ರಂತೆ ತೀರ್ಮಾನಿಸಬೇಕಾದ ಅಂಶ, ತೀರ್ಮಾನ, ಕಾರಣ ಬರೆದು, ಆಮೇಲೆ ತೆರೆದು ನೋಡಿ. ಆರೋಪದಲ್ಲಿ ತಾರೀಖು, ಸಮಯ, ಸ್ಥಳ, ಯಾರ ವಿರುದ್ಧ, ಯಾವ ರೀತಿ ಎಂಬ ಐದರಲ್ಲಿ ಒಂದು ತಪ್ಪಿದ್ದರೂ ಕೆಂಪು ಪೆನ್ನಿನಲ್ಲಿ ಗುರುತಿಸಿಕೊಳ್ಳಿ.